ಹೆಜ್ಜೆ ಲೆಕ್ಕದ ಆಸಾಮಿ

ಹೆಜ್ಜೆ ಲೆಕ್ಕದ ಆಸಾಮಿ ಎಂದರೆ ಎಡ ಮಣಿಕಟ್ಟಿಗೆ ಫಿಟ್ನೆಸ್ ಬ್ಯಾಂಡನ್ನೋ ಸ್ಮಾರ್ಟ್ ವಾಚನ್ನೋ ಕಟ್ಟಿಕೊಂಡು, ಗಂಟೆ ಎಷ್ಟೆಂದು ಕೇಳಿದವರಿಗೆ ಹೆಜ್ಜೆ ಎಷ್ಟಾಯಿತೆಂದು ಹೇಳುವವನು. ಬೆಂಗಳೂರಿನ ಪಾರ್ಕುಗಳಲ್ಲಿ ಇವನು ಹೇರಳ. ಆದರೆ ಅಲ್ಲಿ ಗುಂಪಿನಲ್ಲಿ ಕರಗಿಹೋಗುವುದರಿಂದ ಲಕ್ಷಣಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಇವನನ್ನು ಗುರುತಿಸಲು ಅನುಕೂಲವಾದ ಜಾಗ ಮದ್ದೂರಿನ ಪಕ್ಕದ ವೈದ್ಯನಾಥಪುರದಂಥ ಊರು. ಶಿಂಷಾ ದಡದ ಈ ಊರಿನಲ್ಲಿ ವೈದ್ಯನಾಥೇಶ್ವರನ ಗುಡಿ ಇದೆ. ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಬರುವವರಿದ್ದಾರೆ. ವೈದ್ಯರಿಗೇ ನಾಥನಾದವನು ಊರಲ್ಲಿರುವಾಗ, ತನ್ನ ನಾಡಿ ನೋಡಿಕೊಳ್ಳಲು ಕೈಗೊಂದು ಯಂತ್ರ ಕಟ್ಟಿಕೊಂಡು ಓಡಾಡುವವನು ಎಲ್ಲರಿಗೂ ಎದ್ದು ಕಾಣುತ್ತಾನೆ.

ವಾಚು ಆಸಾಮಿಯ ಕೈ ಸೇರುವುದು ಸಾಮಾನ್ಯವಾಗಿ ಎರಡು ದಾರಿಯಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಯುಗಾದಿಗೆ ಬಂದಾಗ, ತಾನು ಕಟ್ಟಿ ಬಿಟ್ಟದ್ದನ್ನು ಒರೆಸಿ ‘ನಿಮಗೇ ಅಂತ ತಂದೆ ಕಣಪ್ಪ’ ಎಂದು ಕೊಡುವುದು ಒಂದು. ಮಗ ಅದನ್ನು ಯಾಕೆ ಬಿಟ್ಟ ಎಂದು ಅಪ್ಪ ಆಗ ಕೇಳುವುದಿಲ್ಲ. ಇನ್ನೊಂದು, ಲ್ಯಾಬಿಗೆ ರಕ್ತ ಕೊಟ್ಟು ರಿಪೋರ್ಟು ತಂದ ಸಂಜೆ ತಾನೇ ಮೊಬೈಲಿನಲ್ಲಿ ಆರ್ಡರು ಮಾಡುವುದು. ಮದ್ದೂರು ಸೇರಿದ ಮಂಡ್ಯ ಜಿಲ್ಲೆಗೆ ಸಕ್ಕರೆ ನಾಡೆಂದು ಹೆಸರು. 1933ರಲ್ಲಿ ಮೈಷುಗರ್ ಕಂಪನಿ ಶುರುವಾದಾಗಿನಿಂದ ಸಕ್ಕರೆ ಇಳುವರಿ ಜಾಸ್ತಿ ಬಂದಷ್ಟೂ ಹಿಗ್ಗಿದ ಜನ ಇವರು. ಕಾಗದದ ಮೇಲೆ ಸಕ್ಕರೆ ಜಾಸ್ತಿ ಎಂದು ಬರೆದಿದ್ದರೆ ಅದು ಕೆಟ್ಟ ಸುದ್ದಿ ಎಂದು ಒಪ್ಪಿಕೊಳ್ಳಲು ಆಸಾಮಿಗೆ ಒಂದು ರಾತ್ರಿ ಬೇಕಾಗುತ್ತದೆ.

ವಾಚು ಹೆಜ್ಜೆಯನ್ನು ನೋಡುವುದಿಲ್ಲ. ಕಾಲು ಎಲ್ಲಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಒಳಗಿರುವ ಆಕ್ಸಿಲರೋಮೀಟರ್ ಎಂಬ ಪುಟ್ಟ ಚಿಪ್ ಕೈಯ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಅಲುಗಾಟ ಒಂದು ಲಯದಲ್ಲಿ ಬಂದರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಹಳ್ಳಿಯ ಕೆಲಸಗಳಿಗೂ ಲಯ ಉಂಟೆಂಬುದನ್ನು ವಾಚು ಮಾಡಿದವರು ಯೋಚಿಸಿದಂತಿಲ್ಲ. ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆದೆದ್ದರೆ ಒಂದಷ್ಟು ಹೆಜ್ಜೆ ಜಮಾ. ಮುದ್ದೆ ತಿರುವಿದರೆ ಜಮಾ. ಭಜನೆಯಲ್ಲಿ ತಾಳ ಹಾಕಿದರೆ ಜಮಾ. ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಓಡಿಸಿದರೂ ಕೆಲವು ವಾಚುಗಳಲ್ಲಿ ಜಮಾ. ಅದೇ, ತಲೆ ಮೇಲಿನ ಹುಲ್ಲಿನ ಹೊರೆಯನ್ನು ಎರಡು ಕೈಯಲ್ಲೂ ಹಿಡಿದು ಗದ್ದೆ ಬದುವಿನ ಮೇಲೆ ಒಂದು ಮೈಲಿ ನಡೆದು ಬಂದವಳ ಕೈ ಅಲುಗಿರುವುದೇ ಇಲ್ಲ. ಅವಳ ಲೆಕ್ಕ ಬಹುಪಾಲು ಬಿಟ್ಟುಹೋಗುತ್ತದೆ. ಕಬ್ಬು ಕಡಿಯುವವನು ವಾಚು ಕಟ್ಟಿದನೆಂದುಕೊಳ್ಳಿ: ಮಚ್ಚು ಬೀಸುವುದು ಬಲಗೈ, ವಾಚಿರುವುದು ಜಲ್ಲೆ ಹಿಡಿದ ಎಡಗೈಯಲ್ಲಿ. ಅವನ ಮೈ ಹಣ್ಣಾದ ದಿನ ವಾಚಿನ ಪ್ರಕಾರ ಬಿಡುವಿನ ದಿನ.

ನಾಡಿ ನೋಡುವ ವಿಧಾನ ಇದಕ್ಕಿಂತ ಗಟ್ಟಿ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ; ಬಡಿತಕ್ಕೊಮ್ಮೆ ರಕ್ತ ಏರಿಳಿದಂತೆ ಚರ್ಮದಿಂದ ವಾಪಸು ಬರುವ ಬೆಳಕೂ ಏರಿಳಿಯುತ್ತದೆ, ವಾಚಿನ ಹಿಂಬದಿಯ ಕಣ್ಣು ಅದನ್ನು ಎಣಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ಸಾಧನಗಳನ್ನು ಪರೀಕ್ಷಿಸಿದಾಗ ಆರರಲ್ಲಿ ನಾಡಿಯ ತಪ್ಪು ಶೇ. 5ರೊಳಗಿತ್ತು. ಕರಗಿದ ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾದದ್ದೇ ಶೇ. 27ರಷ್ಟು ತಪ್ಪಿತ್ತು, ಕಡೆಯದು ಶೇ. 93ರಷ್ಟು. ಆಸಾಮಿ ಎಲ್ಲಕ್ಕಿಂತ ಹೆಚ್ಚು ನಂಬುವುದು ಈ ಕ್ಯಾಲೊರಿಯನ್ನೇ. ‘ಮುನ್ನೂರು ಕರಗಿದೆ’ ಎಂಬ ಧೈರ್ಯದ ಮೇಲೆ ಅವನು ಮದ್ದೂರಿನಲ್ಲಿ ಎರಡನೆಯ ವಡೆ ತೆಗೆದುಕೊಳ್ಳುತ್ತಾನೆ. ಮದ್ದೂರು ವಡೆ ಹೆಸರು ಮಾಡಿದ್ದು ರೈಲು ನಿಲ್ದಾಣದಲ್ಲಿ. ನಿಂತ ಕಾಲಲ್ಲಿ ತಿನ್ನುವ ಪದಾರ್ಥವಾದ್ದರಿಂದ ಅದನ್ನು ವ್ಯಾಯಾಮದ ಕಡೆಗೇ ಸೇರಿಸಬೇಕೆಂಬುದು ಅವನ ವಾದ.

ಆಸಾಮಿಯ ಗುರಿ ಹತ್ತು ಸಾವಿರ. ಈ ಅಂಕಿಯನ್ನು ಯಾವ ವೈದ್ಯನೂ ಚೀಟಿಯಲ್ಲಿ ಬರೆದು ಶುರುಮಾಡಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಯಂತ್ರವೊಂದನ್ನು ‘ಮಾನ್ಪೊ-ಕೆ’ ಎಂದು ಹೆಸರಿಟ್ಟು ಮಾರಿತು. ಮಾನ್ ಎಂದರೆ ಹತ್ತು ಸಾವಿರ, ಪೊ ಎಂದರೆ ಹೆಜ್ಜೆ, ಕೆ ಎಂದರೆ ಮಾಪಕ. ಹೆಸರು ಬಾಯಿಗೆ ಚೆನ್ನಾಗಿ ಬಂತು, ಅಂಕಿ ಉಳಿದುಕೊಂಡಿತು. ಐ-ಮಿನ್ ಲೀ ಮತ್ತು ಸಂಗಡಿಗರು ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ನಡಿಗೆಯನ್ನು ಅಳೆದು 2019ರಲ್ಲಿ ಬರೆದ ಪ್ರಕಾರ, ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಇಳಿದಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ತಿಳಿಸಿದರೆ ಆಸಾಮಿ ಸಂತೋಷಪಡುವುದಿಲ್ಲ. ಪೂರ್ತಿ ಸಾಲ ತೀರಿಸಿದ ಮಾರನೇ ದಿನ ಸಾಲ ಮನ್ನಾ ಘೋಷಣೆ ಕೇಳಿದ ರೈತನ ಮುಖ ಅವನದಾಗುತ್ತದೆ.

ಮೊದಲ ಹದಿನೈದು ದಿನ ವಾಚು ನಿಜಕ್ಕೂ ಉಪಕಾರಿ, ಇದರಲ್ಲಿ ಎರಡು ಮಾತಿಲ್ಲ. ‘ದಿನಾ ಪೂರ್ತಿ ಓಡಾಡ್ತಾನೇ ಇರ್ತೀನಿ ಸಾರ್’ ಎಂದು ಡಾಕ್ಟರ ಮುಂದೆ ಹೇಳಿಬಂದವನು, ತಾನು ಓಡಾಡಿದ್ದೆಲ್ಲ ಗಾಡಿಯ ಮೇಲೆ ಎಂಬುದನ್ನು ಮೊದಲ ಸಲ ಅಂಕಿಯಲ್ಲಿ ನೋಡುತ್ತಾನೆ. ಮನೆಯಿಂದ ಡೈರಿಗೆ ಗಾಡಿ, ಡೈರಿಯಿಂದ ಹೋಟೆಲಿಗೆ ಗಾಡಿ, ಗದ್ದೆಗೆ ನೀರು ಬಂತೇ ಎಂದು ನೋಡಲು ಗಾಡಿ; ಗದ್ದೆಯಲ್ಲೂ ಬದುವಿನ ಮೇಲೆ ಗಾಡಿ ನಿಲ್ಲಿಸಿ ಅಲ್ಲಿಂದಲೇ ಕತ್ತು ಚಾಚಿ ನೋಡಿ ವಾಪಸು. ಸಂಜೆಗೆ ಸಾವಿರದ ಎಂಟುನೂರು ಹೆಜ್ಜೆ, ಅದರಲ್ಲಿ ಹಾಲು ಕರೆದದ್ದೂ ಸೇರಿದೆ. ಆಗ ಆಗುವ ನಾಚಿಕೆ ಇದೆಯಲ್ಲ, ವಾಚಿನ ಬೆಲೆ ಅಲ್ಲಿಗೇ ತೀರಿತು. ಉಳಿದ ಸೌಲಭ್ಯಗಳನ್ನೆಲ್ಲ ಕೂಡಿಸಿದರೂ ಆ ನಾಚಿಕೆಯ ತೂಕಕ್ಕೆ ಬಾರವು. ಮಾರನೇ ದಿನ ಐದೂವರೆಗೇ ಆಸಾಮಿ ನಾಲೆ ಏರಿಯ ಮೇಲೆ ಕಾಣಿಸುತ್ತಾನೆ.

ಮೂರನೇ ವಾರದಿಂದ ಅವನ ಭಾಷೆ ಬದಲಾಗುತ್ತದೆ. ಮೈಲಿ, ಫರ್ಲಾಂಗು, ಕಿಲೋಮೀಟರ್ ಯಾವುದೂ ಉಳಿಯುವುದಿಲ್ಲ. ಹೊರಗಿನಿಂದ ಬಂದ ಭಕ್ತರು ಗುಡಿಗೆ ಎಷ್ಟು ದೂರ ಎಂದು ಕೇಳಿದರೆ ‘ಇಲ್ಲಿಂದ ಆರುನೂರ ನಲವತ್ತು’ ಎನ್ನುತ್ತಾನೆ. ಅವರು ಅದನ್ನು ಆಟೋ ದರ ಎಂದು ತಿಳಿದು ಗಾಬರಿಯಾಗುತ್ತಾರೆ. ಅರ್ಧ ದಾರಿಯಲ್ಲಿ ವಾಚು ಮನೆಯಲ್ಲೇ ಉಳಿದದ್ದು ನೆನಪಾದರೆ ಅವನಿಗೆ ಆಗುವುದು ಶುದ್ಧ ನಷ್ಟದ ಅನುಭವ: ನಡೆದದ್ದು ಯಾರ ಖಾತೆಗೂ ಹೋಗಲಿಲ್ಲ. ವಾಪಸು ಹೋಗಿ ಕಟ್ಟಿಕೊಂಡು, ಮತ್ತೆ ಮೊದಲಿನಿಂದ ಶುರು.

ರಾತ್ರಿ ಹತ್ತು ಗಂಟೆಗೆ ವಾಚು 9,600 ತೋರಿಸುತ್ತಿದೆಯೆಂದರೆ ಊಟ ಮುಗಿಸಿ ಅಂಗಳ ಸುತ್ತುವ ಕಾರ್ಯಕ್ರಮ ಉಂಟು. ನಾಯಿ ಎರಡು ಸುತ್ತು ಜೊತೆಗೆ ಬಂದು, ಇವನು ಎಲ್ಲಿಗೂ ಹೋಗುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮಲಗುತ್ತದೆ. ‘ಅದ್ಯಾಕ್ಲಾ ಮಗ, ಗಾಣದೆತ್ತು ಸುತ್ತ್ದಂಗೆ ಸುತ್ತೀಯೆ, ಮನಿಕೊಳ್ಳಬಾರ್ದಾ’ ಎಂದು ಅವ್ವ ಒಳಗಿಂದ ಕೂಗುತ್ತಾಳೆ. ಕೆಲವು ದಿನಗಳ ಮೇಲೆ ಮಂಚದ ಮೇಲೆ ಕೂತು ಕೈ ಬೀಸಿದರೂ ಅಂಕಿ ಏರುತ್ತದೆಂಬ ಶೋಧನೆಯಾಗುತ್ತದೆ. ಇನ್ನೂ ಮುಂದುವರಿದವರು ಮೊಮ್ಮಗನ ಕೈಗೆ ಕಟ್ಟಿ ಆಟಕ್ಕೆ ಬಿಡುತ್ತಾರೆ. ಒಂದೇ ಗಂಟೆಯ ಚಿನ್ನಿದಾಂಡಿನಲ್ಲಿ ಅಜ್ಜನ ಆರೋಗ್ಯ ಗಣನೀಯವಾಗಿ ಸುಧಾರಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ 2016ರಲ್ಲಿ ತೋರಿಸಿದ್ದು ಇದರ ಬುಡವನ್ನೇ: ಸುಖಕ್ಕಾಗಿ ಮಾಡುವುದನ್ನು ಎಣಿಸತೊಡಗಿದರೆ ಜನ ಹೆಚ್ಚು ಮಾಡುತ್ತಾರೆ, ಆದರೆ ಅದು ಕೂಲಿ ಕೆಲಸದಂತೆ ಅನಿಸತೊಡಗಿ, ಎಣಿಕೆ ನಿಂತ ಮೇಲೆ ಮುಂದುವರಿಸುವ ಮನಸ್ಸು ಕುಗ್ಗುತ್ತದೆ.

ಅಂಕಿ ಹಳಸುವುದು ಸುಮಾರು ಮೂರನೇ ತಿಂಗಳಲ್ಲಿ. ಇದಕ್ಕೆ ಆಸಾಮಿಯ ಸೋಮಾರಿತನವನ್ನೇ ಕಾರಣ ಮಾಡುವುದು ಅನ್ಯಾಯ. ಈ ಸೀಮೆಯ ಜನ ಅಂಕಿಗೆ ಬೇಸರಪಡುವವರಲ್ಲ. ದಿನಕ್ಕೆ ಎರಡು ಹೊತ್ತು ಡೈರಿಯ ಮುಂದೆ ಕ್ಯಾನು ಹಿಡಿದು ನಿಂತು ಹಾಲಿನ ಫ್ಯಾಟು ಎಷ್ಟು, ಎಸ್ಸೆನ್ನೆಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ಕೇಳುವವರು ಇಪ್ಪತ್ತು ವರ್ಷವಾದರೂ ಕೇಳುತ್ತಲೇ ಇರುತ್ತಾರೆ. ಫ್ಯಾಟು ಒಂದು ಪಾಯಿಂಟು ಇಳಿದರೆ ಮನೆಯಲ್ಲಿ ಹಿಂಡಿಯಿಂದ ಹಿಡಿದು ಹಸುವಿನ ವಂಶದವರೆಗೆ ವಿಚಾರಣೆ ನಡೆಯುತ್ತದೆ. ಕಬ್ಬಿನ ಲಾರಿ ವೇಬ್ರಿಡ್ಜ್ ಹತ್ತಿದಾಗ ಉಸಿರು ಬಿಗಿಹಿಡಿದು ಅಂಕಿ ನೋಡದ ರೈತನಿಲ್ಲ. ಕನ್ನಂಬಾಡಿ ಕಟ್ಟೆಯ ಮಟ್ಟವಂತೂ ತಲೆಮಾರುಗಳ ಪಾರಾಯಣ: ಪೂರ್ಣ ಮಟ್ಟ 124.80 ಅಡಿ, ಇವತ್ತು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟು. ಪತ್ರಿಕೆಯಲ್ಲಿ ಬೇರೇನೂ ಓದದವರು ಅದೊಂದು ಸಾಲನ್ನು ಓದುತ್ತಾರೆ, ಏಕೆಂದರೆ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಒಟ್ಲು ಹಾಕಬೇಕೋ ಬೇಡವೋ ಎಂಬುದು ಅದಕ್ಕೆ ತಗುಲಿಕೊಂಡಿದೆ. ವಾಚಿನ 8,214ಕ್ಕೆ ಏನೂ ತಗುಲಿಕೊಂಡಿಲ್ಲ. ನಿನ್ನೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು, ನಾಳೆಯೂ ಅಷ್ಟೇ ಇರುತ್ತದೆ. ನಾಲೆ ಏರಿಯ ಮೇಲೆ ಹೋಗಿ ಬಂದರೆ ಎಷ್ಟೆಂದು ಆಸಾಮಿಗೆ ಈಗ ನೋಡದೆಯೇ ಗೊತ್ತು.

ಹೆಜ್ಜೆಗೆ ದುಡ್ಡು ಕಟ್ಟಿ ನೋಡಿದ್ದೂ ಆಗಿದೆ. ಸಿಂಗಪುರದಲ್ಲಿ 800 ನೌಕರರ ಮೇಲೆ ನಡೆಸಿದ ಪ್ರಯೋಗದಲ್ಲಿ, ಬ್ಯಾಂಡಿನ ಜೊತೆ ನಗದು ಬಹುಮಾನವೂ ಇದ್ದವರು ಮೊದಲ ಆರು ತಿಂಗಳು ಚೆನ್ನಾಗಿ ನಡೆದರು. ಬಹುಮಾನ ನಿಂತ ಮೇಲೆ ಆ ಲಾಭ ಉಳಿಯಲಿಲ್ಲ. ವರ್ಷದ ಕೊನೆಗೆ ಬ್ಯಾಂಡು ಕಟ್ಟಿಕೊಂಡಿದ್ದವರು ಹತ್ತರಲ್ಲಿ ಒಬ್ಬರು. ಇದು 2016ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಂದ ಪಿಟ್ಸ್‌ಬರ್ಗ್‌ನ ಅಧ್ಯಯನ ಇನ್ನೂ ನಿರ್ದಯಿ. ತೂಕ ಇಳಿಸಲು ಸೇರಿದ್ದ 471 ಯುವಜನರಲ್ಲಿ, ಎರಡು ವರ್ಷದ ಬಳಿಕ, ಸಾಧನ ಕಟ್ಟಿದವರು ಸರಾಸರಿ 3.5 ಕೆ.ಜಿ. ಇಳಿದಿದ್ದರು, ಕಟ್ಟದವರು 5.9 ಕೆ.ಜಿ. ಆಸಾಮಿಯ ಪರವಾಗಿಯೂ ಸಾಕ್ಷಿ ಇದೆ. ಅನೇಕ ಅಧ್ಯಯನಗಳನ್ನು ಒಟ್ಟುಹಾಕಿ 2022ರಲ್ಲಿ ನೋಡಿದಾಗ, ಇಂಥ ಸಾಧನ ಕಟ್ಟಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದದ್ದು, ಒಂದು ಕೆ.ಜಿ.ಯಷ್ಟು ತೂಕ ಕಳೆದುಕೊಂಡದ್ದು ಕಂಡಿತು. ಅಂಥವುಗಳಲ್ಲಿ ಹೆಚ್ಚಿನವು ಕೆಲವೇ ತಿಂಗಳ ಲೆಕ್ಕ.

ವರ್ಷಗಟ್ಟಲೆ ವಾಚನ್ನು ಬಿಡದವರೂ ಊರಿಗೊಬ್ಬಿಬ್ಬರು ಇರುತ್ತಾರೆ. ಅವರ ಅಂಕಿಗೆ ಏನಾದರೊಂದು ತಗುಲಿಕೊಂಡಿರುತ್ತದೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡು, ನಾಡಿ ಇಷ್ಟರ ಮೇಲೆ ಹೋಗಬಾರದು ಎಂದು ಹೇಳಿಸಿಕೊಂಡವರು, ಮೂರು ತಿಂಗಳ ಶುಗರ್ ಪರೀಕ್ಷೆಯ ಪಕ್ಕಕ್ಕೆ ಹೆಜ್ಜೆಯನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸುವವರು, ಹೆಂಡತಿಯೊಡನೆ ಪಂದ್ಯ ಕಟ್ಟಿ ಇನ್ನೂ ಗೆಲ್ಲದವರು. ಇವರನ್ನು ಆಸಾಮಿ ಎನ್ನಲಾಗದು.

ಆಸಾಮಿ ತನ್ನ ಜೀವಮಾನದಲ್ಲೇ ಅತಿ ಹೆಚ್ಚು ನಡೆಯುವುದು ಶಿವರಾತ್ರಿಗೆ, ಮಲೆ ಮಹದೇಶ್ವರ ಬೆಟ್ಟದ ಪಾದಯಾತ್ರೆಯಲ್ಲಿ. ಕಾವೇರಿ ದಾಟಿ, ಕಾಡಿನ ದಾರಿ ಹಿಡಿದು, ಬೊಬ್ಬೆ ಬಂದ ಕಾಲಿಗೆ ಬಟ್ಟೆ ಸುತ್ತಿಕೊಂಡು ‘ಉಘೇ ಉಘೇ’ ಎನ್ನುತ್ತ ಹೋಗುವ ಜನರ ನಡುವೆ ಅವನೂ ಇರುತ್ತಾನೆ. ಹತ್ತು ಸಾವಿರ ಮೊದಲ ದಿನ ಹೊತ್ತೇರುವುದರೊಳಗೇ ಆಗುತ್ತದೆ. ವಾಚು ಪಟಾಕಿ ಚಿತ್ರ ತೋರಿಸಿ ಅಭಿನಂದಿಸುತ್ತದೆ. ಫೋನು ಮಾತಾಡುವ ಸೌಲಭ್ಯವಿರುವ ವಾಚಾದ್ದರಿಂದ ಎರಡನೇ ದಿನ ಬ್ಯಾಟರಿ ಮುಗಿಯುತ್ತದೆ. ಆಮೇಲಿನ ಹೆಜ್ಜೆಗಳಿಗೆ ದಾಖಲೆ ಇಲ್ಲ. ಬಂದವನು ಒಂದು ವಾರ ಅದನ್ನೇ ಹೇಳುತ್ತಾನೆ: ದೇವರನ್ನು ನೋಡಿದ್ದರ ಬಗ್ಗೆ ಎರಡು ಮಾತು, ದಾಖಲಾಗದ ಹೆಜ್ಜೆಗಳ ಬಗ್ಗೆ ಇಪ್ಪತ್ತು.

ಕೊನೆಗಾಲದಲ್ಲಿ ವಾಚು ಒಂದು ದಿನದ ಮಟ್ಟಿಗೆ ಅವ್ವನ ಕೈಗೆ ಹೋಗುವುದುಂಟು. ಬೆಳ್ಳಿ ಕಡಗದ ಪಕ್ಕ ಅದನ್ನು ಕಟ್ಟುವುದು ಮೊಮ್ಮಗಳ ಕಿತಾಪತಿ. ಅವ್ವ ವಾಕಿಂಗಿಗೆ ಹೋದವಳಲ್ಲ. ಸಗಣಿ ಬಾಚಿ, ನೀರು ಹೊತ್ತು, ಹಿತ್ತಲು, ಗದ್ದೆ, ನ್ಯಾಯಬೆಲೆ ಅಂಗಡಿ ಎಂದು ಸುತ್ತಿ, ಯಾರದೋ ಮನೆಯ ಬಾಣಂತಿಯನ್ನು ನೋಡಿಬಂದು ಮಲಗುವ ಹೊತ್ತಿಗೆ 13,000 ದಾಟಿರುತ್ತದೆ. ಹೊರೆ ಹೊತ್ತ ಹೊತ್ತಿನಲ್ಲಿ ವಾಚು ಎಣಿಸದೆ ಬಿಟ್ಟದ್ದು ಬೇರೆ. ಆಸಾಮಿ ವಾಚನ್ನು ತಿರುಗಿಸಿ ನೋಡಿ, ಒಂದೆರಡು ಸಲ ಕುಟ್ಟಿ, ಸೆನ್ಸರ್ ಹೋಗಿದೆ ಎಂದು ತೀರ್ಮಾನಿಸುತ್ತಾನೆ. ಎಷ್ಟು ಬಂತಪ್ಪ ಎಂದು ಅವ್ವ ಕೇಳುವುದಿಲ್ಲ.

ಆಮೇಲೆ ಚಾರ್ಜರ್ ಕಳೆದುಹೋಗುತ್ತದೆ. ಈ ಚಾರ್ಜರ್ ಬೇರೆ ಯಾವ ವಾಚಿಗೂ ಹೊಂದುವುದಿಲ್ಲ, ಬೇರೆ ವಾಚಿನದು ಇದಕ್ಕೂ ಹೊಂದುವುದಿಲ್ಲ, ಟಿ.ವಿ. ಸ್ಟ್ಯಾಂಡಿನ ಹಿಂದೆ ಬಿದ್ದಿರುವ ಸಂಭವ ಹೆಚ್ಚು, ಯಾರೂ ಬಗ್ಗಿ ನೋಡುವುದಿಲ್ಲ. ವಾಚು ಗೋಡೆಯ ಮೊಳೆಗೆ, ಕ್ಯಾಲೆಂಡರಿನ ದಾರದ ಮೇಲೆ ನೇತುಬೀಳುತ್ತದೆ. ಆಸಾಮಿಯ ನಡಿಗೆ ಅದರ ಜೊತೆಗೇ ನಿಲ್ಲುವುದಿಲ್ಲ: ನಾಲೆ ಏರಿಯ ಮೇಲೆ ಹೆಜ್ಜೆ ಹಾಕುತ್ತ ಪರಿಚಯವಾದ ಇಬ್ಬರು ರಿಟೈರ್ಡ್ ಮೇಷ್ಟ್ರುಗಳು ಮನೆ ಮುಂದೆ ನಿಂತು ‘ಬರ್ತೀರೇನ್ರೀ’ ಎಂದು ಕೂಗಿದರೆ ಹೋಗುತ್ತಾನೆ, ಕೂಗದಿದ್ದರೆ ಮಗ್ಗುಲು ಬದಲಿಸುತ್ತಾನೆ. ಮಣಿಕಟ್ಟಿನ ಸುತ್ತ ವಾಚು ಬಿಟ್ಟ ಬಿಳಿ ಪಟ್ಟಿಯೊಂದು ಉಳಿದಿರುತ್ತದೆ. ಅದು ಮಾಯವಾಗಲು ಒಂದು ಬೇಸಿಗೆಯ ಬಿಸಿಲು ಸಾಕು.