ಅನ್ಯಕ್ಷೇತ್ರಾರ್ಜಿ ಮೀಮಾಂಸೆ

ಕಲಿತ ವಿದ್ಯೆಗೂ ಕೇಳುತ್ತಿರುವ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲದಿರುವಾಗ, ಇದೆಯೆಂದು ನಂಬಿಸಲು ಬರೆದ ಪತ್ರಕ್ಕೆ ಅನ್ಯಕ್ಷೇತ್ರಾರ್ಜಿ ಎಂದು ಹೆಸರು. ಈ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ತಗಲುತ್ತದೆ, ಮದುವೆಯ ಬಯೋಡೇಟಾ ಕೂಡ ಇದರೊಳಗೆ ಬಂದುಬಿಡುತ್ತದಲ್ಲ, ಎಂದು ಪೂರ್ವಪಕ್ಷಿಗಳು ಆಕ್ಷೇಪಿಸುತ್ತಾರೆ. ಬರಲಿ. ಅಲ್ಲಿ ಸಂಬಳವೆಷ್ಟೆಂದು ಎದುರಿನವರು ಕೇಳುತ್ತಾರೆ, ಇಲ್ಲಿ ಅರ್ಜಿದಾರನೇ ಕೇಳುತ್ತಾನೆ. ಅಷ್ಟು ಭೇದ ಶಾಸ್ತ್ರಕ್ಕೆ ಸಾಕು.

ಇಂಥ ಅರ್ಜಿಗಳನ್ನು ನಮ್ಮ ಅಲಂಕಾರಶಾಸ್ತ್ರದ ಸಹಾಯವಿಲ್ಲದೆ ವಿಂಗಡಿಸಲು ಹೊರಟ ಮಾನವ ಸಂಪನ್ಮೂಲ ಪಂಡಿತರು ದಾರಿ ತಪ್ಪಿದ್ದಾರೆ. ವಾಸ್ತವದಲ್ಲಿ ಇರುವುದು ಎರಡೇ ಬಗೆ. ಇಲ್ಲದ್ದನ್ನು ಇದೆಯೋ ಎಂಬಂತೆ ಹೇಳುವುದು ಉತ್ಪ್ರೇಕ್ಷಾರ್ಜಿ. ಇದ್ದದ್ದನ್ನು ಅಲ್ಲಗಳೆದು ಬೇರೊಂದನ್ನು ಸ್ಥಾಪಿಸುವುದು ಅಪಹ್ನುತ್ಯರ್ಜಿ. ಇದು ಮುಖವಲ್ಲ, ಚಂದ್ರ ಎಂದು ಕಾವ್ಯದಲ್ಲಿ ಉದಾಹರಣೆ ಕೊಡುತ್ತಾರೆ. ಇವನು ಇಂಜಿನಿಯರಲ್ಲ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಎಂಬುದು ಇಂದಿನ ಉದಾಹರಣೆ.

ಮೊದಲನೆಯ ಬಗೆಗೆ ಲಿಯೊನಾರ್ಡೊ ಡ ವಿಂಚಿಯನ್ನು ಮೀರಿದ ಪ್ರಮಾಣವಿಲ್ಲ. ಫ್ಲಾರೆನ್ಸಿನಲ್ಲಿ ಚಿತ್ರಕಲೆ ಕಲಿತು ಮೂವತ್ತರ ಆಸುಪಾಸಿನಲ್ಲಿದ್ದ ಈ ಮನುಷ್ಯ ಸುಮಾರು 1482ರಲ್ಲಿ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ. ಹೊತ್ತೊಯ್ಯಬಲ್ಲ ಹಗುರ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕ ಬತ್ತಿಸಬಲ್ಲೆ, ಸದ್ದಾಗದಂತೆ ಸುರಂಗ ತೋಡಬಲ್ಲೆ, ಕಲ್ಲಿನ ಮಳೆಗರೆಯುವ ಫಿರಂಗಿ ಮಾಡಬಲ್ಲೆ ಎಂದು ಯುದ್ಧವಿದ್ಯೆಯನ್ನೇ ಅಂಶ ಅಂಶವಾಗಿ ಪೇರಿಸಿ, ಕೊನೆಯ ಹತ್ತನೆಯ ಅಂಶಕ್ಕೆ ಬಂದಾಗ, ಯುದ್ಧವಿಲ್ಲದ ಕಾಲದಲ್ಲಿ ಕಟ್ಟಡ ಕಟ್ಟುತ್ತೇನೆ, ಶಿಲ್ಪ ಕೆತ್ತುತ್ತೇನೆ, ಹಾಗೆಯೇ ಚಿತ್ರವನ್ನೂ ಬರೆಯುತ್ತೇನೆ ಎಂದ. ಬಯೋಡೇಟಾದ ತಳದಲ್ಲಿ ‘ಹವ್ಯಾಸಗಳು’ ಎಂಬ ಕಾಲಂ ಹುಟ್ಟಿದ್ದು ಇಲ್ಲಿಂದಲೇ ಎಂಬುದು ಪ್ರಸ್ತುತ ಪ್ರಬಂಧಕಾರನ ನಮ್ರ ಅಭಿಮತ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವನ ಕಾಗದಪತ್ರಗಳ ನಡುವೆ ಉಳಿದುಬಂದಿರುವ ಈ ಅರ್ಜಿಯ ಕರಡು ಅವನ ಕೈಬರಹದಲ್ಲಿಲ್ಲ. ಬೇರೆ ಯಾರಿಂದಲೋ ಬರೆಸಿದ್ದಾನೆ. ನಮ್ಮ ತಾಲ್ಲೂಕು ಕಚೇರಿಯ ಎದುರಿನ ಸೈಬರ್ ಸೆಂಟರ್ ಪರಂಪರೆಗೆ ಐನೂರು ವರ್ಷಗಳ ಇತಿಹಾಸ ಸಿದ್ಧಿಸಿದಂತಾಯಿತು. ಅರ್ಜಿಯ ಫಲವೇನೆಂದರೆ, ಮಿಲಾನಿನಲ್ಲಿ ಅವನಿಗೆ ಗಂಟುಬಿದ್ದ ದೊಡ್ಡ ಕೆಲಸ ಫಿರಂಗಿಯಲ್ಲ, ಲುಡೊವಿಕೊನ ತಂದೆಯ ನೆನಪಿಗೊಂದು ಭಾರೀ ಕಂಚಿನ ಕುದುರೆ. ಜೇಡಿಮಣ್ಣಿನ ಮಾದರಿ ತಯಾರಾಯಿತು, ಎರಕಕ್ಕೆ ಕಂಚೂ ಕೂಡಿತು. 1494ರಲ್ಲಿ ಯುದ್ಧಭೀತಿ ಬಂದು ಆ ಕಂಚನ್ನೆಲ್ಲ ಫಿರಂಗಿಗೆ ಕಳುಹಿಸಿಬಿಟ್ಟರು. ಫಿರಂಗಿ ಮಾಡಿಕೊಡುತ್ತೇನೆಂದು ಅರ್ಜಿಯಲ್ಲಿ ಬರೆದ ಮಾತು ಹನ್ನೆರಡು ವರ್ಷ ತಡವಾಗಿಯಾದರೂ ಹೀಗೆ ನಡೆಯಿತು. ಮಣ್ಣಿನ ಕುದುರೆ ಉಳಿಯಿತಲ್ಲ ಎನ್ನುವಿರಾದರೆ, 1499ರಲ್ಲಿ ಊರು ಹಿಡಿದ ಫ್ರೆಂಚರ ಬಿಲ್ಲುಗಾರರು ಅದರ ಮೇಲೆ ಗುರಿ ಅಭ್ಯಾಸ ಮಾಡಿ ಮುಗಿಸಿದರು.

ಎರಡನೆಯ ಬಗೆ ಹೆಚ್ಚು ಕಷ್ಟದ್ದು, ಆದ್ದರಿಂದ ಹೆಚ್ಚು ಭಾರತೀಯವಾದದ್ದು. ಇದರ ಆಕರಗ್ರಂಥ ವಿರಾಟಪರ್ವ. ಮಳೆ ಬಾರದಿದ್ದರೆ ಊರವರು ಅದನ್ನು ಓದಿಸುತ್ತಾರೆ. ಕೆಲಸ ಸಿಗದವರು ಓದಿಸದಿರುವುದು ಆಶ್ಚರ್ಯ, ಏಕೆಂದರೆ ಅಜ್ಞಾತವಾಸಕ್ಕೆ ಹೊರಟ ಪಾಂಡವರು, ದ್ರೌಪದಿ ಸೇರಿ ಒಂದೇ ಮನೆಯ ಆರು ಮಂದಿಗೆ ವಿರಾಟರಾಜನ ಒಂದೇ ಅರಮನೆಯಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ ಕೆಲಸವಾದ ಕಥೆ ಇನ್ನೆಲ್ಲೂ ಇಲ್ಲ. ಅಂದಿನ ವಿರೋಧ ಪಕ್ಷ ಏನು ಮಾಡುತ್ತಿತ್ತೋ!

ಮೊದಲು ಪ್ರಮಾಣಪತ್ರಗಳ ವಿಲೇವಾರಿ. ಗಾಂಡೀವಾದಿಗಳನ್ನೆಲ್ಲ ಕಟ್ಟಿ ಬನ್ನಿಮರದ ಮೇಲಿಟ್ಟು, ಯಾರೂ ಹತ್ತಿರ ಸುಳಿಯದಿರಲೆಂದು ಒಂದು ಹೆಣವನ್ನೂ ಅಲ್ಲೇ ಕಟ್ಟಿದರು. ದಾರಿಯಲ್ಲಿ ಸಿಕ್ಕ ದನಗಾಹಿಗಳಿಗೆ, ಅದು ನೂರಾ ಎಂಬತ್ತು ವರ್ಷದ ನಮ್ಮ ತಾಯಿ, ಹೀಗೆ ಮಾಡುವುದು ನಮ್ಮ ಕುಲದ ಪದ್ಧತಿ ಎಂದು ಹೇಳಿದ್ದಾಗಿ ವ್ಯಾಸಭಾರತದಲ್ಲಿದೆ. ಇಂದು ಬಿ.ಇ. ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಅಡಿಗೆ ಸೇರಿಸುವವರು ತಾಯಿಯನ್ನು ಇಷ್ಟು ದೂರ ಎಳೆದು ತರುವುದಿಲ್ಲ.

ಬಳಿಕ ಸಂದರ್ಶನ. ಧರ್ಮರಾಯ ಕಂಕಭಟ್ಟನಾಗಿ ಹೋಗಿ ಕೇಳಿದ್ದು ಪಗಡೆಯಾಡುವ ಕೆಲಸ. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಯಾವುದರಲ್ಲಿ ಕಳೆದುಕೊಂಡನೋ ಅದರಲ್ಲೇ ಅನುಭವಿ ಎಂದು ಅರ್ಜಿ ಹಾಕಿದವನು ಚರಿತ್ರೆಯಲ್ಲಿ ಅವನೊಬ್ಬನೇ. ಅನ್ಯಾಯವಾಗಿ ನಗಬಾರದು, ಕಾಡಿನಲ್ಲಿ ಬೃಹದಶ್ವ ಋಷಿಯ ಬಳಿ ಅಕ್ಷಹೃದಯ ಕಲಿತಿದ್ದ. ಅಂದರೆ ಸರ್ಟಿಫಿಕೇಟ್ ಕೋರ್ಸ್ ಆಗಿತ್ತು. ಭೀಮ ವಲಲನಾಗಿ ಅಡುಗೆಮನೆಗೆ, ಅರ್ಜುನ ಬೃಹನ್ನಳೆಯಾಗಿ ನಾಟ್ಯಶಾಲೆಗೆ ಹೋದರು. ನಕುಲ ಸಹದೇವರು ಲಾಯಕ್ಕೂ ಕೊಟ್ಟಿಗೆಗೂ ಹೋದರು, ಅವರ ಬಗ್ಗೆ ಎಂದಿನಂತೆ ಯಾರೂ ಹೆಚ್ಚು ವಿಚಾರಿಸಲಿಲ್ಲ. ಸೈರಂಧ್ರಿಯಾಗಿ ಅಂತಃಪುರಕ್ಕೆ ಹೋದ ದ್ರೌಪದಿ ಕರಾರನ್ನೂ ಹಾಕಿದಳು: ಎಂಜಲು ಮುಟ್ಟುವುದಿಲ್ಲ, ಯಾರ ಕಾಲನ್ನೂ ತೊಳೆಯುವುದಿಲ್ಲ. ರಾಣಿ ಸುದೇಷ್ಣೆ ಒಪ್ಪಿದಳು.

ಈಗ ಅನುಭವದ ಕಾಲಂ. ‘ಹಿಂದೆ ಎಲ್ಲಿ ಕೆಲಸ ಮಾಡಿದ್ದೆ?’ ‘ಯುಧಿಷ್ಠಿರನ ಬಳಿ.’ ಯುಧಿಷ್ಠಿರನೇ ನಾನು ಯುಧಿಷ್ಠಿರನ ಗೆಳೆಯನೆಂದ. ಭೀಮ ಅವನಿಗೆ ಅಡುಗೆ ಮಾಡಿ ಬಡಿಸಿದ್ದೆನೆಂದ. ಸೈರಂಧ್ರಿ ತಾನು ದ್ರೌಪದಿಯ ಸೇವೆಯಲ್ಲಿದ್ದೆನೆಂದಳು. ಇವುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ, ಪರಿಶೀಲಿಸಲು ಹಳೆಯ ಯಜಮಾನ ಊರಲ್ಲೂ ಇಲ್ಲ. ವಿರಾಟ ಒಬ್ಬೊಬ್ಬರ ಮುಖ ನೋಡಿ, ನೀನು ಆಳಿನಂತೆ ಕಾಣುವುದಿಲ್ಲವಲ್ಲ ಎಂದು ಸಂಶಯಪಟ್ಟ, ಸಂಶಯಪಟ್ಟೇ ಕೆಲಸ ಕೊಟ್ಟ. ಹೆಚ್ಚು ಕಲಿತವನನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವ ಯಜಮಾನನ ಸಂಶಯ ಎಲ್ಲ ಕಾಲದಲ್ಲೂ ಇಷ್ಟೇ ಆಳ.

ಎರಡೂ ಅಲಂಕಾರವಿಲ್ಲದ ಅರ್ಜಿ ಸಾಧ್ಯವೇ ಎಂಬ ಪ್ರಶ್ನೆಗೆ ಶ್ರೀನಿವಾಸ ರಾಮಾನುಜನ್ ಉತ್ತರ. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿಗೆ ಗುಮಾಸ್ತೆಗಿರಿ ಕೇಳಿ ಬರೆದಾಗ, ಓದು ಅರ್ಧಕ್ಕೆ ನಿಂತಿತು, ಹೊತ್ತೆಲ್ಲ ಗಣಿತದಲ್ಲಿ ಕಳೆದೆ ಎಂದು ಇದ್ದದ್ದನ್ನು ಇದ್ದಂತೆ ಒಪ್ಪಿಸಿದ. ತಿಂಗಳಿಗೆ ಮೂವತ್ತು ರೂಪಾಯಿಯ ಕೆಲಸ ಸಿಕ್ಕಿತು. ಸ್ವಭಾವೋಕ್ತಿಗೆ ಇಷ್ಟೇ ಬೆಲೆ ಎಂದು ಆಲಂಕಾರಿಕರು ಇದನ್ನು ತೋರಿಸಿ ಕೈತೊಳೆದುಕೊಳ್ಳುತ್ತಾರೆ.

ಇನ್ನು ಕ್ಷೇತ್ರಕಾರ್ಯ. 2024ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆಯಿತು. ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ, ಆಯ್ಕೆ ಅದರ ಅಂಕಗಳ ಮೇಲೆ. ಓಟ, ಸ್ಕಿಪಿಂಗ್, ಗುಂಡು ಎಸೆತ ಏನಿದ್ದರೂ ಎಂಟು ಮೀಟರ್ ವಿದ್ಯುತ್ ಕಂಬ ಹತ್ತುವುದು ಮಾತ್ರ ಕಡ್ಡಾಯ. ಆ ದಿನಗಳಲ್ಲಿ ಸೈಬರ್ ಸೆಂಟರಿನಲ್ಲಿ ಕುಳಿತು ಆಲಿಸಿದ ಸಂವಾದವೊಂದನ್ನು ಪಾಠಾಂತರವಿಲ್ಲದೆ ಕೊಡುತ್ತೇನೆ.

‘ಬಿ.ಇ. ಮಾಡಿರೋದು ಎಲ್ಲಾದ್ರೂ ಹಾಕೋದಾ ತಮ್ಮಾ?’

‘ಬೇಡ ಅಣ್ಣಾ. ಟೆಂತ್ ಒಂದೇ ಸಾಕು.’

‘ಎಷ್ಟು ಪರ್ಸೆಂಟು?’

‘ತೊಂಬತ್ತೊಂದು.’

‘ಭೇಷ್. ಆಮೇಲೆ ಇಷ್ಟು ವರ್ಷ ಏನ್ಮಾಡ್ತಿದ್ದೆ ಅಂತ ಕೇಳಿದ್ರೆ?’

‘ತೋಟ ನೋಡ್ಕೊಂಡಿದ್ದೆ ಅಂತೀನಿ.’

‘ಕೈ ತೋರ್ಸು.’

ತೋರಿಸಿದ. ಕೀಬೋರ್ಡಿನ ಮೇಲೆ ಬೆಳೆದ, ಒಂದೂ ಬೊಬ್ಬೆಯಿಲ್ಲದ ಕೈ. ‘ಊಹ್ಞೂಂ,’ ಎಂದ ಸೈಬರ್ ಸೆಂಟರಿನವನು, ಫೋಟೊದ ಕೆಬಿ ಇಳಿಸುತ್ತ, ‘ಕಂಬಕ್ಕೆ ಮುಂಚೆ ಒಂದ್ ತಿಂಗ್ಳು ತೆಂಗಿನ ಮರ ಹತ್ತು. ತೊಡೆ ತರಚಿದ್ರೆ ಕೊಬ್ರಿ ಎಣ್ಣೆ ಹಚ್ಚು.’ ವಿರಾಟನ ಸಭೆಯಲ್ಲಿ ನಡೆಯದ ಪರಿಶೀಲನೆ ಇಲ್ಲಿ ನಡೆಯಿತೆಂಬುದನ್ನು ದಾಖಲಿಸಬೇಕು. ಪಕ್ಕದ ಕುರ್ಚಿಯಲ್ಲಿ ಅದೇ ಹುದ್ದೆಗೆ ಅರ್ಜಿ ತುಂಬಿಸಲು ಬಂದಿದ್ದ ಇನ್ನೊಬ್ಬ ಹುಡುಗನಿದ್ದ. ಅವನ ಅಂಗೈ ತುಂಬ ಬೊಬ್ಬೆಯಿತ್ತು. ಅಂಕ ಐವತ್ತೆಂಟು.

ಇಲ್ಲಿ ಪೂರ್ವಪಕ್ಷಿಗಳು ಮತ್ತೆ ಏಳುತ್ತಾರೆ, ಈ ಸಲ ಅವರನ್ನು ಕೂರಿಸುವುದು ಸುಲಭವಲ್ಲ. ವಲಲ ಬರುವ ಮುಂಚೆ ವಿರಾಟನ ಅರಮನೆಯವರು ಉಪವಾಸವಿದ್ದರೇ? ಇಲ್ಲ, ಅಡುಗೆಮನೆಯಲ್ಲಿ ಬಾಣಸಿಗರು ಇದ್ದರು. ನನ್ನ ಬಳಿ ಮೊದಲಿನಿಂದ ಇರುವವರಿಗೆಲ್ಲ ನೀನು ಮುಖ್ಯಸ್ಥ ಎಂದೇ ರಾಜ ಭೀಮನಿಗೆ ಅಪ್ಪಣೆ ಕೊಡಿಸುತ್ತಾನೆ. ಸೇವಾ ಹಿರಿತನ, ಮೀಸಲು ಬಿಂದು, ಬಡ್ತಿ, ಯಾವ ಮಾತೂ ಇಲ್ಲ. ಜೀವಮಾನವಿಡೀ ಒಲೆಯೂದಿದವರ ತಲೆಯ ಮೇಲೆ, ವರ್ಷವೊಂದನ್ನು ತಲೆಮರೆಸಿಕೊಂಡು ಕಳೆಯಲು ಬಂದವನೊಬ್ಬ ಬಂದು ಕುಳಿತ. ಪಾಂಡವರ ಅಜ್ಞಾತವಾಸದ ದುಃಖವನ್ನು ಹಾಡಿದ ಕವಿಗಳು ಬೇಕಾದಷ್ಟು. ಈ ಬಾಣಸಿಗರ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ವರ್ಷ ತುಂಬಿತು, ಗುಟ್ಟು ರಟ್ಟಾಯಿತು, ಭೀಮ ಗದೆಯೆತ್ತಿಕೊಂಡು ಹೊರಟ. ಅಡುಗೆಮನೆಯ ಮುಖ್ಯಸ್ಥನ ಹುದ್ದೆ ತೆರವಾಯಿತು. ಅದಕ್ಕೆ ಒಳಗಿನ ಹಿರಿಯನಿಗೆ ಬಡ್ತಿ ಕೊಟ್ಟರೋ ಹೊಸ ಅಧಿಸೂಚನೆ ಹೊರಡಿಸಿದರೋ ಎಂಬುದನ್ನು ವ್ಯಾಸರು ಬಿಟ್ಟುಬಿಟ್ಟಿದ್ದಾರೆ, ಕುರುಕ್ಷೇತ್ರಕ್ಕೆ ತಡವಾಗುತ್ತಿತ್ತು. ಹೊರಡಿಸಿದ್ದರೆ ಅರ್ಜಿ ಹಾಕಿದವರಲ್ಲಿ ಇಬ್ಬರಾದರೂ ಮಾಜಿ ರಾಜಕುಮಾರರು ಇದ್ದಿರಲೇಬೇಕು, ಅನುಭವದ ಕಾಲಂನಲ್ಲಿ ‘ವಲಲನ ಕೈಕೆಳಗೆ’ ಎಂದು ಬರೆದುಕೊಂಡು.