ಚಾವಡಿ ಕೆಡವಿದ ಮಹನೀಯರಿಗೆ

ಮಾನ್ಯರೇ,

ಕಳೆದ ವಾರ ಒಂದು ಮಧ್ಯಾಹ್ನ ಗೆಳೆಯನೊಟ್ಟಿಗೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿದ್ದೆ. ಬಹಳ ಖುಷಿಯಾಯಿತು. ಅದರ ಪೂರ್ಣ ಶ್ರೇಯ ನಿಮಗೇ ಸಲ್ಲಬೇಕು. ನೀವು ಹಳೆ ಮನೆ ಬೀಳಿಸಿ ಟೆರೇಸು ಮನೆ ಎಬ್ಬಿಸದೇ ಹೋಗಿದ್ದರೆ ಅದನ್ನು ಕಟ್ಟಿದ ವಿಜಯನಾಥ ಶೆಣೈಯವರು ಬ್ಯಾಂಕಿನ ಕೆಲಸ ಮುಗಿಸಿ ತಣ್ಣಗೆ ಮನೆಯಲ್ಲಿರುತ್ತಿದ್ದರು. ನೀವು ಸೌದೆಗೆ, ಗುಜರಿಗೆ ಹಾಕಿದ ಕಂಬ, ಬಾಗಿಲುಗಳ ಹಿಂದೆ ಅಲೆದು, ಇಡೀ ಮನೆಗಳನ್ನೇ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸುವ ಹುಚ್ಚು ಅವರಿಗೆ ಹಿಡಿದದ್ದು ನಿಮ್ಮಿಂದ. 2017ರಲ್ಲಿ ಅವರು ತೀರಿಕೊಂಡರು. ಮನೆಗಳು ನಿಂತಿವೆ. ಅಲ್ಲಿ ಕಾರ್ಕಳದ ಮಿಯಾರಿನಿಂದ ಬಾಗಲಕೋಟೆಯ ಮುಧೋಳಕ್ಕೆ ಈಗ ಕೆಲವೇ ನಿಮಿಷದ ನಡಿಗೆ. ಯಾವ ಸರ್ಕಾರಕ್ಕೂ ಸಾಧ್ಯವಾಗದ ರಸ್ತೆ!

ಗೆಳೆಯ ಸಿವಿಲ್ ಇಂಜಿನಿಯರ್, ಫ್ಲಾಟು ಕಟ್ಟಿಸುವವ. ಅಲ್ಲಿನ ಕುಂಜೂರು ಚೌಕಿಮನೆಯ ದಾರಂದಕ್ಕೆ ಹಣೆ ಹೊಡೆಸಿಕೊಂಡೇ ಒಳಗೆ ಬಂದ. ಅಂಗಳದ ಮೇಲೆ ತೆರೆದ ಆಕಾಶ ನೋಡಿ, "ಎಂಥ ವೇಸ್ಟು ಮಾರಾಯ, ಇಲ್ಲೇ ಎರಡು ಬೆಡ್‌ರೂಮ್ ಬರ್ತಿತ್ತು" ಅಂದ. ಆಮೇಲೆ ಜಗಲಿಯ ಮೇಲೆ ಕೂತ. ಚಪ್ಪಲಿ ಬಿಟ್ಟ ಪಾದವನ್ನು ನೆಲಕ್ಕೆ ಒತ್ತಿದ. ಕಾಲು ಗಂಟೆ ಏಳಲಿಲ್ಲ. ಹೊರಗೆ ಕರಾವಳಿಯ ಬಿಸಿಲು ಕುದಿಯುತ್ತಿತ್ತು. ದಪ್ಪ ಗೋಡೆ ಕಾವನ್ನು ಒಳಗೆ ಬಿಡದು, ಬಿಸಿಗಾಳಿ ಅಂಗಳದಿಂದ ಮೇಲೇರಿ ಹೋಗುತ್ತದೆ, ಹೆಂಚಿನ ಬಿಸಿ ಮರದ ಮುಚ್ಚಿಗೆಯ ಮೇಲೇ ಉಳಿಯುತ್ತದೆ ಎಂದು ನಾನೇ ಅವನಿಗೆ ಪಾಠ ಮಾಡಿದೆ. ಅವನು ಕಣ್ಣು ಮುಚ್ಚಿಕೊಂಡೇ "ಗೊತ್ತುಂಟು" ಅಂದ. ಗೊತ್ತುಂಟಂತೆ!

ಈ ಮನೆಗಳಿಗೆ ಇನ್ನೊಂದು ಜಾಣತನವಿದೆ. ಮರಕ್ಕೆ ಮರ ಕೂಡಿಸಿ, ಬೆಣೆ ಹೊಡೆದು ಕಟ್ಟಿದ್ದರಿಂದ ಬಿಚ್ಚಿ, ನಂಬರು ಬರೆದು, ಬೇರೆ ಊರಲ್ಲಿ ಮತ್ತೆ ಜೋಡಿಸಬಹುದು. ನನ್ನ ಫ್ಲಾಟಿಗೆ ಆ ಯೋಗವಿಲ್ಲ. ಕೆಡವಿದರೆ ಸಿಗುವುದು ಕಾಂಕ್ರೀಟಿನ ಹೆಂಟೆ, ತುಕ್ಕು ಹಿಡಿದ ಸರಳು. ಮುಂದೆ ಯಾರಾದರೂ ಅದನ್ನು ಮ್ಯೂಸಿಯಂಗೆ ಒಯ್ಯಬೇಕೆಂದರೆ ಮೂರನೇ ಮಹಡಿಯನ್ನು ಮಾತ್ರ ಹೇಗೆ ಬಿಚ್ಚುತ್ತಾರೋ! ಸೊಸೈಟಿಯ ಎನ್‌ಓಸಿ ಬೇರೆ ಬೇಕಲ್ಲ.

ನಿಮ್ಮನ್ನು ಹಂಗಿಸುತ್ತಿದ್ದೇನೆ ಎಂದುಕೊಳ್ಳಬೇಡಿ, ನಾನೂ ನಿಮ್ಮವನೇ. ನಮ್ಮಜ್ಜನ ಮನೆ ಪಾಲಾದಾಗ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಚಾವಡಿಯ ನಾಲ್ಕು ಹಲಸಿನ ಕಂಬಗಳನ್ನು ಗುಜರಿಯವನು ಒಯ್ದ. ನನ್ನ ಪಾಲಿಗೆ ಬಂದ ದುಡ್ಡಿನಲ್ಲಿ ಫ್ಲಾಟಿನ ಹಾಲಿಗೆ ಟೈಲ್ಸ್ ಹಾಕಿಸಿದೆ. ಒಳ್ಳೆ ಟೈಲ್ಸು, ನೋಡಿದರೆ ಥೇಟ್ ಹಲಸಿನ ಮರದ ಹಾಗೇ ಇದೆ.

ಆ ಕಂಬಗಳಲ್ಲೊಂದರ ಬುಡದಲ್ಲಿ ಆರನೇ ಕ್ಲಾಸಿನಲ್ಲಿದ್ದಾಗ ಕೈವಾರದ ಮುಳ್ಳಿನಿಂದ ನನ್ನ ಹೆಸರಿನ ಮೊದಲ ಅಕ್ಷರ ಕೆತ್ತಿದ್ದೆ. ಅಜ್ಜನಿಂದ ಎರಡು ಪೆಟ್ಟೂ ಬಿದ್ದಿತ್ತು. ಮಣಿಪಾಲದಲ್ಲಿ ಉಳಿದ ನೋಡುಗರೆಲ್ಲ ಕೆತ್ತನೆ ನೋಡುತ್ತ ಮುಂದೆ ಹೋದರೆ ನಾನು ಕಂಬ ಕಂಡಲ್ಲೆಲ್ಲ ಬಗ್ಗಿ ಬುಡ ತಡವುತ್ತಿದ್ದೆ.

"ಎಂಥ ಹುಡುಕುವುದು?" ಎಂದ ಗೆಳೆಯ, ಹಣೆ ಉಜ್ಜಿಕೊಳ್ಳುತ್ತ.

"ಒರಲೆ ಹಿಡಿದಿದೆಯಾ ಅಂತ ನೋಡಿದೆ ಮಾರಾಯ."

ಇಂತಿ,
ನಿಮ್ಮವನೇ ಆದ ಒಬ್ಬ ಫ್ಲಾಟುವಾಸಿ

ವಿ.ಸೂ.: ಆ ಕಂಬ ನಿಮ್ಮಲ್ಲಿ ಯಾರದಾದರೂ ಟೀಪಾಯಿಗೆ ಕಾಲಾಗಿದ್ದರೆ ಒಂದು ಕಾಗದ ಹಾಕಿ. ಬಂದು ನೋಡುತ್ತೇನೆ. ಟಿಕೇಟು ಎಷ್ಟೆಂದು ಮೊದಲೇ ತಿಳಿಸಿದರೆ ಒಳ್ಳೆಯದು.