ಮೇಕೆಯೋ ಕಾರೋ: ಮಾಂಟಿ ಹಾಲ್‌ನ ಕಾಲ-ದೇಶ-ಕೃತಿ ವಿಚಾರ

ಯಾವುದೇ ಮಹಾಪುರುಷನ ಬಗ್ಗೆ ಬರೆಯುವ ಮೊದಲು ಅವನ ಕಾಲ, ದೇಶ, ಮತಗಳನ್ನು ನಿರ್ಣಯಿಸುವುದು ನಮ್ಮ ವಿದ್ವತ್ ಪರಂಪರೆ. ಆ ಮೂರು ಇತ್ಯರ್ಥವಾಗುವಷ್ಟರಲ್ಲಿ ಇನ್ನೂರು ಪುಟ ಮುಗಿದು ಕೃತಿಯ ಬಗ್ಗೆ ಹೇಳಲು ಜಾಗ ಉಳಿಯುವುದಿಲ್ಲ, ಅದೂ ಪರಂಪರೆಯೇ. ಪ್ರಸ್ತುತ ಪ್ರಬಂಧದ ನಾಯಕ, ಅಮೆರಿಕದ ಟಿವಿ ನಿರೂಪಕ ಮಾಂಟಿ ಹಾಲ್‌ನ ದುರದೃಷ್ಟವೆಂದರೆ ಅವನ ಈ ಮೂರೂ ವಿವರಗಳು ನಿರ್ವಿವಾದ. ಹುಟ್ಟಿದ್ದು 1921ರ ಆಗಸ್ಟ್ 25ರಂದು, ಕೆನಡಾದ ವಿನಿಪೆಗ್‌ನಲ್ಲಿ, ಯಹೂದಿ ಮನೆತನದಲ್ಲಿ. ಮನೆತನದ ಹೆಸರು ಹಾಲ್ಪರಿನ್. ತಿದ್ದಿ ಓದಲು ಒಂದು ಸವೆದ ಶಾಸನವೂ ಇಲ್ಲ. ಪಂಡಿತರಿಗೆ ಇಂಥವನಿಂದ ಏನು ಪ್ರಯೋಜನ? ಹಾಗಾಗಿ ಅವರು ಈತನ ಜೀವನವನ್ನು ಪಕ್ಕಕ್ಕಿಟ್ಟು, ಈತ ತನ್ನ ಕಾರ್ಯಕ್ರಮದಲ್ಲಿ ಮಾಡದೇ ಇದ್ದ ಒಂದು ಕೆಲಸವನ್ನು ಹಿಡಿದುಕೊಂಡು ಐವತ್ತು ವರ್ಷದಿಂದ ಕಾದಾಡುತ್ತಿದ್ದಾರೆ.

ಮೊದಲು ಪೂರ್ವಾಶ್ರಮ. ತಂದೆಯದು ಮಾಂಸದಂಗಡಿ, ಮಗ ಗಿರಾಕಿಗಳ ಮನೆಗೆ ಪೊಟ್ಟಣ ಮುಟ್ಟಿಸುತ್ತಿದ್ದ. ಕಾಲೇಜಿಗೆ ದುಡ್ಡಿರಲಿಲ್ಲ. ಮ್ಯಾಕ್ಸ್ ಫ್ರೀಡ್ ಎಂಬ ವ್ಯಾಪಾರಿ ಓದಿಸಲು ಮುಂದೆ ಬಂದು ಕೆಲವು ಷರತ್ತು ಹಾಕಿದ: ಒಳ್ಳೆಯ ಅಂಕ ತೆಗೆಯಬೇಕು, ಸಾಲ ತೀರಿಸಬೇಕು, ಮುಂದೆ ಇನ್ನೊಬ್ಬರಿಗೆ ನೆರವಾಗಬೇಕು, ದುಡ್ಡು ಕೊಟ್ಟವರು ಯಾರೆಂದು ಬಾಯಿ ಬಿಡಬಾರದು. ಈ ಕೊನೆಯ ಷರತ್ತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಗೊತ್ತಿದ್ದೂ ಹೇಳದಿರುವ ವಿದ್ಯೆಯಲ್ಲಿ ನಮ್ಮ ನಾಯಕನಿಗೆ ದೀಕ್ಷೆಯಾದದ್ದು ಇಲ್ಲಿಯೇ ಎಂಬುದು ನಮ್ಮ ಸಿದ್ಧಾಂತ.

ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಈತ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ. ಡಾಕ್ಟರಾಗುವ ಆಸೆ. ಯಹೂದಿ ವಿದ್ಯಾರ್ಥಿಗಳಿಗೆ ಮಿತಿ ಹಾಕಿದ್ದ ಕಾಲವದು. ವೈದ್ಯಕೀಯ ಕಾಲೇಜು ಸೀಟು ಕೊಡಲಿಲ್ಲ. (ಇದರಲ್ಲಿ ಅಣಕಿಸುವಂಥದ್ದು ಏನೂ ಇಲ್ಲವಾದ್ದರಿಂದ ಮುಂದೆ ಹೋಗೋಣ.) ಬಾಗಿಲ ಹಿಂದೆ ಮೇಕೆ ಕಟ್ಟುವ ವೃತ್ತಿಗೆ ಪ್ರಾಣಿಶಾಸ್ತ್ರವೇ ಸಾಕಾಗಿತ್ತು. ರೇಡಿಯೋ ಸೇರಿ ಟೊರಾಂಟೊ, ನ್ಯೂಯಾರ್ಕ್ ದಾಟಿ, ಸ್ಟೆಫಾನ್ ಹೇಟೋಸ್ ಎಂಬುವನ ಜೊತೆಗೂಡಿ 'ಲೆಟ್ಸ್ ಮೇಕ್ ಎ ಡೀಲ್' ಎಂಬ ಮಹಾಕೃತಿಯನ್ನು ರಚಿಸಿದ. 1963ರ ಡಿಸೆಂಬರ್ 30ರಂದು ಎನ್‌ಬಿಸಿ ವಾಹಿನಿಯಲ್ಲಿ ಅದರ ಪ್ರಥಮ ಪ್ರಸಾರ. ಮುಂದೆ ಈತ ನಡೆಸಿಕೊಟ್ಟ ಸಂಚಿಕೆಗಳು 4,500ಕ್ಕೂ ಹೆಚ್ಚು.

ಕೃತಿಯ ವಸ್ತು ಸರಳ. ನಿರೂಪಕ ನಿಮ್ಮ ಕೈಗೆ ಒಂದಿಷ್ಟು ನೋಟು ತುರುಕುತ್ತಾನೆ. ನೀವು ಅದನ್ನು ಮಡಚಿ ಜೇಬಿಗಿಳಿಸುವ ಮುಂಚೆ, 'ಇದು ಸಾಕೋ, ಪರದೆಯ ಹಿಂದಿರುವುದು ಬೇಕೋ?' ಎಂದು ನಗುತ್ತಾನೆ. ಪರದೆಯ ಹಿಂದೆ ಕಾರೂ ಇರಬಹುದು, ಮೇಕೆಯೂ ಇರಬಹುದು. ಪ್ರೇಕ್ಷಕರು ಮೊದಮೊದಲು ಮಾಮೂಲಿ ಬಟ್ಟೆಯಲ್ಲೇ ಬರುತ್ತಿದ್ದರು. ನಿರೂಪಕನ ಕಣ್ಣಿಗೆ ಬೀಳಲಿ ಎಂದು ಯಾರೋ ಫಲಕ ಹಿಡಿದು ಬಂದರು, ಮತ್ತ್ಯಾರೋ ವಿಚಿತ್ರ ಟೋಪಿ ತೊಟ್ಟರು, ಕಡೆಗೆ ಸಭಾಂಗಣದ ತುಂಬ ತರಕಾರಿ ವೇಷ, ಕೋಳಿ ವೇಷ, ಜೋಲಾಡುವ ಡೈಪರ್ ತೊಟ್ಟ ಗಂಡಸರು. ಇವರೆಲ್ಲರ ನಡುವೆ ಒಬ್ಬನೇ ಒಬ್ಬ ಕೋಟು, ಟೈ ಹಾಕಿ ನಿಂತಿರುತ್ತಿದ್ದ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಆತ ಸಾಲುಗಳ ನಡುವೆ ನುಗ್ಗಿ, 'ನಿಮ್ಮ ಕೈಚೀಲದಲ್ಲಿ ಬೇಯಿಸಿದ ಮೊಟ್ಟೆ ಇದೆಯೇ? ಇದ್ದರೆ ದುಡ್ಡು ಕೊಡುತ್ತೇನೆ' ಎಂಬ ಧಾಟಿಯಲ್ಲಿ ಬೇಡಿಕೆ ಇಡುತ್ತಿದ್ದ. ಕೈಚೀಲದಲ್ಲಿ ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಬಂದವರು ಇರುತ್ತಿದ್ದರು ಎಂಬುದೇ ಆ ನಾಡಿನ ಆಗಿನ ಅರ್ಥವ್ಯವಸ್ಥೆಯ ಕುರಿತು ಒಂದು ಪ್ರತ್ಯೇಕ ಸಂಪ್ರಬಂಧಕ್ಕೆ ವಸ್ತು.

ಇನ್ನು ಮುಖ್ಯ ವಿವಾದ. 1975ರಲ್ಲಿ ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಸ್ಟೀವ್ ಸೆಲ್ವಿನ್ 'ದಿ ಅಮೆರಿಕನ್ ಸ್ಟಾಟಿಸ್ಟಿಶಿಯನ್' ಪತ್ರಿಕೆಗೆ ಒಂದು ಕಾಗದ ಬರೆದ. ಮೂರು ಪೆಟ್ಟಿಗೆ, ಒಂದರಲ್ಲಿ ಕಾರಿನ ಕೀ. ನೀವು ಒಂದನ್ನು ಆರಿಸುತ್ತೀರಿ. ಒಳಗೇನಿದೆ ಎಂದು ಗೊತ್ತಿರುವ ನಿರೂಪಕ ಉಳಿದೆರಡರಲ್ಲಿ ಖಾಲಿಯಾದ ಒಂದನ್ನು ತೆರೆದು ತೋರಿಸುತ್ತಾನೆ. ಈಗ ಪೆಟ್ಟಿಗೆ ಬದಲಿಸಿದರೆ ಲಾಭವೇ? ಲಾಭ, ಎಂದ ಸೆಲ್ವಿನ್. ಓದುಗರು ಒಪ್ಪಲಿಲ್ಲ. ಅದೇ ವರ್ಷದ ಎರಡನೇ ಕಾಗದದಲ್ಲಿ ಇದಕ್ಕೆ 'ಮಾಂಟಿ ಹಾಲ್ ಸಮಸ್ಯೆ' ಎಂಬ ನಾಮಕರಣವೂ ಆಯಿತು. ಸ್ವತಃ ಮಾಂಟಿ ಹಾಲ್ ಸೆಲ್ವಿನ್‌ಗೆ ಪತ್ರ ಬರೆದು, ನಮ್ಮಲ್ಲಿ ಒಮ್ಮೆ ಆರಿಸಿದ ಮೇಲೆ ಪೆಟ್ಟಿಗೆ ಬದಲಿಸುವ ಅವಕಾಶವೇ ಇಲ್ಲ ಎಂದು ತಿಳಿಸಿದ. ಗ್ರಂಥಕರ್ತನೇ ಬಂದು 'ಇದು ನನ್ನ ಪದ್ಯವಲ್ಲ' ಎಂದರೂ ಸಂಪಾದಕರು ಕೈಬಿಡಲಿಲ್ಲ.

ಗಮನಿಸಿ: 1975ರ ಮೂಲಪಾಠದಲ್ಲಿ ಮೇಕೆಯೇ ಇಲ್ಲ. ಮೇಕೆ ಪ್ರವೇಶಿಸುವುದು 1990ರ ಸೆಪ್ಟೆಂಬರ್‌ನಲ್ಲಿ, 'ಪರೇಡ್' ವಾರಪತ್ರಿಕೆಯಲ್ಲಿ ಮ್ಯಾರಿಲಿನ್ ವಾಸ್ ಸವಾಂಟ್ ಬರೆಯುತ್ತಿದ್ದ ಅಂಕಣದ ಪಾಠದಲ್ಲಿ; ಅಲ್ಲಿ ಪೆಟ್ಟಿಗೆಗಳು ಬಾಗಿಲುಗಳಾದವು, ಖಾಲಿಯಿದ್ದ ಕಡೆ ಮೇಕೆ ಬಂತು. ಆದಕಾರಣ ಸಮಸ್ಯೆಯೊಳಗಿನ ಮೇಕೆ ಪ್ರಕ್ಷಿಪ್ತ. ಇನ್ನೂ ಹಿಂದಕ್ಕೆ ಹೋದರೆ 1959ರಲ್ಲಿ ಮಾರ್ಟಿನ್ ಗಾರ್ಡ್ನರ್ ಬರೆದ ಮೂವರು ಕೈದಿಗಳ ಪಾಠಾಂತರ, ಅದಕ್ಕೂ ಹಿಂದೆ 1889ರ ಬರ್ಟ್ರಾಂಡ್‌ನ ಪೆಟ್ಟಿಗೆ ದೊರೆಯುತ್ತವೆ. ಇನ್ನೊಂದು ತೊಡಕು: ಮಾಂಟಿ ಹಾಲ್‌ನ ಹೆಂಡತಿಯ ಹೆಸರೂ ಮ್ಯಾರಿಲಿನ್. ನಾಗವರ್ಮ ಒಬ್ಬನೋ ಇಬ್ಬರೋ ಎಂದು ವಿದ್ವಾಂಸರು ಪಟ್ಟ ಪಾಡನ್ನು ಬಲ್ಲ ನಾವು, ಮುಂದಿನ ಶತಮಾನದ ಸಂಶೋಧಕರ ಉಪಯೋಗಕ್ಕಾಗಿ ಈಗಲೇ ಘೋಷಿಸುತ್ತೇವೆ: ಮ್ಯಾರಿಲಿನ್‌ಗಳು ಇಬ್ಬರು.

ಅಂಕಣದ ಮ್ಯಾರಿಲಿನ್ ಕೊಟ್ಟ ಉತ್ತರ 'ಬದಲಿಸಿ' ಎಂದು. ಬಂದ ಪತ್ರಗಳು ಸುಮಾರು 10,000. ಹೆಚ್ಚಿನವು ಆಕೆಯದು ತಪ್ಪೆಂದವು. ಸಾವಿರದ ಹತ್ತಿರ ಪತ್ರಗಳಲ್ಲಿ ಸಹಿಯ ಮುಂದೆ ಪಿಎಚ್.ಡಿ. ಇತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆ ವರ್ಷ ಪ್ರಾಧ್ಯಾಪಕರು ಮುಟ್ಟದ ಆಡಿರಲಿಲ್ಲ. ಇವರನ್ನು ನಾವು ಅರ್ಧಾರ್ಧವಾದಿಗಳೆಂದು ಕರೆಯುತ್ತೇವೆ. ಇವರ ಪೂರ್ವಪಕ್ಷ ಹೀಗೆ: ಮೂರು ಬಾಗಿಲಲ್ಲಿ ಒಂದು ತೆರೆಯಿತು, ಉಳಿದದ್ದು ಎರಡು, ಆದ್ದರಿಂದ ಅರ್ಧ ಅರ್ಧ, ಬದಲಿಸಿದರೂ ಒಂದೇ ಬಿಟ್ಟರೂ ಒಂದೇ.

ಸಿದ್ಧಾಂತಿಯ ಉತ್ತರ: ನೀವು ಮೊದಲು ಮುಟ್ಟಿದ ಬಾಗಿಲ ಹಿಂದೆ ಮೇಕೆ ಇರುವ ಸಂಭವ ಮೂರರಲ್ಲಿ ಎರಡು. ಮೇಕೆಯನ್ನೇ ಮುಟ್ಟಿದ್ದರೆ ನಿರೂಪಕನಿಗೆ ಬೇರೆ ದಾರಿಯಿಲ್ಲ, ಇನ್ನೊಂದು ಮೇಕೆಯ ಬಾಗಿಲನ್ನೇ ತೆರೆಯಬೇಕು. ಆಗ ಮುಚ್ಚಿ ಉಳಿದದ್ದು ಕಾರು. ಅಂದರೆ ಬದಲಿಸುವವನು ಮೂರರಲ್ಲಿ ಎರಡು ಸಲ ಗೆಲ್ಲುತ್ತಾನೆ. ಈ ವಾದದ ಕೀಲು ಇರುವುದು ಮೇಕೆಯಲ್ಲಲ್ಲ, ನಿರೂಪಕನ ಜ್ಞಾನದಲ್ಲಿ. ಅವನು ಏನೂ ಗೊತ್ತಿಲ್ಲದೆ ಕಣ್ಣುಮುಚ್ಚಿ ಒಂದು ಬಾಗಿಲು ತೆರೆದು, ಅಲ್ಲಿ ಆಕಸ್ಮಿಕವಾಗಿ ಮೇಕೆ ಕಂಡಿದ್ದರೆ ಅರ್ಧಾರ್ಧವಾದಿಗಳೇ ಸರಿ. ಮ್ಯಾಕ್ಸ್ ಫ್ರೀಡ್‌ನ ಕೊನೆಯ ಷರತ್ತು ಸಂಭವಗಣಿತದ ಆಧಾರಸ್ತಂಭವಾಗುವ ಪರಿ ಇದು.

ಮಹಾ ಗಣಿತಜ್ಞ ಪಾಲ್ ಎರ್ಡಿಶ್ ಕೂಡ ಮೊದಲು ನಂಬಲಿಲ್ಲ. ಸ್ನೇಹಿತನೊಬ್ಬ ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆ ಒಪ್ಪಿದ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದೇ ಆಟವನ್ನು ಪಾರಿವಾಳಗಳಿಗೆ ಒಡ್ಡಿದರು, ಬಹುಮಾನ ಕಾಳು. ಕೆಲವು ವಾರಗಳಲ್ಲಿ ಅವು ಹೆಚ್ಚುಕಡಿಮೆ ಪ್ರತಿ ಸಲವೂ ಬದಲಿಸಲು ಕಲಿತವು. ಕಾಲೇಜು ವಿದ್ಯಾರ್ಥಿಗಳು ಎಷ್ಟು ಆಡಿದರೂ ಅಷ್ಟು ಚೆನ್ನಾಗಿ ಕಲಿಯಲಿಲ್ಲ. ಪಾರಿವಾಳಗಳು ಪತ್ರಿಕೆಗೆ ಕಾಗದ ಬರೆದ ದಾಖಲೆ ಇಲ್ಲ.

1991ರ ಜುಲೈನಲ್ಲಿ 'ನ್ಯೂಯಾರ್ಕ್ ಟೈಮ್ಸ್' ವರದಿಗಾರನೊಬ್ಬ ಬೆವರ್ಲಿ ಹಿಲ್ಸ್‌ನ ಮನೆಗೇ ಹೋಗಿ ನಮ್ಮ ನಾಯಕನನ್ನು ಕಂಡ. ಊಟದ ಮೇಜಿನ ಮೇಲೆ ಮೂರು ಪುಟ್ಟ ರಟ್ಟಿನ ಪೆಟ್ಟಿಗೆ. ಕಾರಿನ ಪಾತ್ರದಲ್ಲಿ ಕಾರಿನ ಕೀ, ಮೇಕೆಯ ಪಾತ್ರದಲ್ಲಿ ಒಣದ್ರಾಕ್ಷಿ ಪೊಟ್ಟಣ. ಬದಲಿಸದೆ ಹತ್ತು ಸಲ ಆಡಿದಾಗ ನಾಲ್ಕು ಕಾರು ಬಂತು, ಬದಲಿಸುತ್ತ ಹತ್ತು ಸಲ ಆಡಿದಾಗ ಎಂಟು. ವಾಸ್ ಸವಾಂಟ್ ಗೆದ್ದಳು ಎನ್ನುವಷ್ಟರಲ್ಲಿ ಮುದುಕ ಆಟದ ವರಸೆ ಬದಲಿಸಿದ. ಅತಿಥಿ ಮೇಕೆಯ ಪೆಟ್ಟಿಗೆ ಆರಿಸಿದರೆ ತಕ್ಷಣ ತೆರೆದು ಮುಗಿಸಿಬಿಟ್ಟ. ಕಾರಿನ ಪೆಟ್ಟಿಗೆ ಆರಿಸಿದಾಗ ಮಾತ್ರ 'ಬದಲಿಸುತ್ತೀಯಾ?' ಎಂದು ಆಸೆ ಹುಟ್ಟಿಸಿ, ಮೇಲೆ ದುಡ್ಡಿನ ಮಾತೂ ಆಡಿದ. ಮೂರರಲ್ಲಿ ಎರಡು ಎಂಬ ಜ್ಞಾನ ಹೊತ್ತು ಬದಲಿಸಿದ ಅತಿಥಿಗೆ ಪ್ರತಿ ಸಲವೂ ದಕ್ಕಿದ್ದು ಒಣದ್ರಾಕ್ಷಿ. ನಿರೂಪಕ ಬಾಗಿಲು ತೆರೆಯಲೇಬೇಕು, ಬದಲಿಸುವ ಅವಕಾಶ ಕೊಡಲೇಬೇಕು ಎಂದು ಯಾರು ನಿಯಮ ಮಾಡಿದ್ದರು? ಪಂಡಿತರು. ನಿರೂಪಕನಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಒಂದೂವರೆ ದಶಕದ ಶಾಸ್ತ್ರಾರ್ಥದಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಷರತ್ತನ್ನು ಓದಿದವನು ಮೆಡಿಕಲ್ ಸೀಟು ಸಿಗದ ಈ ಪದವೀಧರನೇ.

ಬಿರುದು ಬಾವಲಿಗಳು: 1973ರಲ್ಲಿ ಹಾಲಿವುಡ್ ಕಾಲುದಾರಿಯಲ್ಲಿ ನಕ್ಷತ್ರ, 1988ರಲ್ಲಿ 'ಆರ್ಡರ್ ಆಫ್ ಕೆನಡಾ'. ಎರಡನೆಯದು ಮೇಕೆಗಲ್ಲ, ದಾನಧರ್ಮಕ್ಕೆ. ಆಸ್ಪತ್ರೆಗಳಿಗೂ ಸೇವಾಸಂಸ್ಥೆಗಳಿಗೂ ಈತ ಜೀವನವಿಡೀ ಹಣ ಕೂಡಿಸಿಕೊಟ್ಟ. ಫ್ರೀಡ್‌ನ ಇನ್ನೊಂದು ಷರತ್ತು ಹಾಗೆ ತೀರಿತು. 2017ರ ಸೆಪ್ಟೆಂಬರ್ 30ರಂದು, 96ನೇ ವಯಸ್ಸಿನಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡ.

ಮೇಕೆ ಗೆದ್ದವರು ಮನೆಯಲ್ಲಿ ಅದನ್ನು ಎಲ್ಲಿ ಕಟ್ಟಿದರು ಎಂದು ಓದುಗರು ಕೇಳಬಹುದು. ಸಾಮಾನ್ಯವಾಗಿ ಕಟ್ಟಲಿಲ್ಲ. ಕ್ಯಾಮೆರಾ ಆರಿದ ಮೇಲೆ ಅದರ ಬದಲು ಒಂದಿಷ್ಟು ನಗದು ಕೊಟ್ಟು ಕಳಿಸುತ್ತಿದ್ದರು. ಇದನ್ನು ಯಾವ ಅರ್ಧಾರ್ಧವಾದಿಯೂ ಲೆಕ್ಕಕ್ಕೆ ಹಿಡಿದಿಲ್ಲ. ಪಿಎಚ್.ಡಿ.ಗೆ ವಿಷಯ ಸಿಗದೆ ಪರದಾಡುತ್ತಿರುವ ಅಭ್ಯರ್ಥಿಗಳು ದಯವಿಟ್ಟು ಗಮನಿಸಬೇಕು.